ಲೊಂಬೊಕ್‌ನಲ್ಲಿ ಇಬ್ಬರ ಬಜೆಟ್ ಪ್ರವಾಸ: ಕುಟಾ, ಗಿಲಿ, ರಿಂಜಾನಿ – ಎಲ್ಲಿ ಎಷ್ಟು ದಿನ?

ಬಾಲಿ ಬೇಡ, ಪಕ್ಕದ ಲೊಂಬೊಕ್ ದ್ವೀಪಕ್ಕೆ ಹೋಗೋಣ ಎಂದು ಹೊರಟ ಜೋಡಿಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಒಂಬತ್ತು ರಾತ್ರಿಗೆ ನಾಲ್ಕು ಊರು ಹಾಕಿಕೊಳ್ಳುತ್ತಾರೆ. ಎರಡು ರಾತ್ರಿ ಗಿಲಿ ದ್ವೀಪಗಳು, ಎರಡು ರಾತ್ರಿ ರಿಂಜಾನಿ ಬೆಟ್ಟ, ಒಂದು ಸೆಂಗಿಗಿ, ಉಳಿದದ್ದು ದಕ್ಷಿಣ ತೀರದ ಕುಟಾ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಲೊಂಬೊಕ್‌ನಲ್ಲಿ ಕೋಣೆಯೂ ಅಗ್ಗ, ಊಟವೂ ಅಗ್ಗ. ದುಡ್ಡು ಕರಗುವುದು ಊರಿಂದ ಊರಿಗೆ ಹೋಗುವಾಗ. ಪ್ರವಾಸಿಗರಿಗೆ ಒಗ್ಗುವ ಸಾರ್ವಜನಿಕ ಬಸ್ ಇಲ್ಲವೆಂದೇ ಹೇಳಬೇಕು, ಹಾಗಾಗಿ ಪ್ರತಿ ಬಾರಿ ಬ್ಯಾಗ್ ಕಟ್ಟಿದಾಗಲೂ ಒಂದು ಕಾರಿನ ಬಾಡಿಗೆ, ಅಂದರೆ ಒಂದೂವರೆ ದಿನದ ಕೋಣೆಯ ದುಡ್ಡು, ಹೋಗುತ್ತದೆ.

ಜಾಗಗಳನ್ನು ಹೋಲಿಸುವಾಗ ‘ಯಾವುದು ಹೆಚ್ಚು ಚಂದ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಎಲ್ಲವೂ ಚಂದವೇ. ಇಬ್ಬರಾಗಿ ಹೋಗುವವರು ಕೇಳಬೇಕಾದ್ದು: ಇಲ್ಲಿನ ಖರ್ಚು ಇಬ್ಬರಿಗೂ ಸೇರಿ ಒಂದೇ ಲೆಕ್ಕದ್ದೋ, ತಲೆಗಿಷ್ಟು ಎಂಬ ಲೆಕ್ಕದ್ದೋ? ಕೋಣೆ, ಸ್ಕೂಟರ್, ಕಾರು ಮೊದಲನೇ ಜಾತಿ. ಅರ್ಧ ಅರ್ಧ ಹಂಚಿಹೋಗುತ್ತವೆ. ದೋಣಿ, ಚಾರಣ, ಸ್ನಾರ್ಕೆಲಿಂಗ್ (ಉಸಿರುಕೊಳವೆ ಹಾಕಿ ನೀರಿನ ಮೇಲೆ ತೇಲುತ್ತ ತಳ ನೋಡುವುದು), ಪ್ರವೇಶ ಶುಲ್ಕ ಎರಡನೇ ಜಾತಿ, ಇಬ್ಬರಿದ್ದರೆ ಎರಡರಷ್ಟು. ಕುಟಾದಲ್ಲಿ ಮೊದಲನೆಯದು ಹೆಚ್ಚು. ಗಿಲಿಯಲ್ಲೂ ರಿಂಜಾನಿಯಲ್ಲೂ ಎರಡನೆಯದು.

ಹಾಸ್ಟೆಲ್ ಡಾರ್ಮಿಟರಿಯ ವಿಷಯವೂ ಇಲ್ಲೇ ಮುಗಿಯುತ್ತದೆ. ಎರಡು ಬಂಕ್‌ಗೆ ಕೊಡುವ ದುಡ್ಡಿಗೆ ತಿಂಡಿ ಸಹಿತ ಹೋಂಸ್ಟೇ ಕೋಣೆಯೇ ಸಿಗುವಾಗ ಜೋಡಿಗೆ ಡಾರ್ಮಿಟರಿಯಿಂದ ಉಳಿತಾಯವಿಲ್ಲ.

ಇಲ್ಲಿನ ದರಗಳೆಲ್ಲ ಜನಜಂಗುಳಿ ಇಲ್ಲದ ತಿಂಗಳುಗಳ ಅಂದಾಜು, ಇಂಡೊನೇಷ್ಯಾದ ರುಪಿಯಾದಲ್ಲಿ. ಒಂದು ಲಕ್ಷ ರುಪಿಯಾಕ್ಕೆ ಸುಮಾರು ₹550 ಎಂದು ಹಿಡಿದಿದೆ.

ತಲುಪುವುದು: ಕ್ವಾಲಾಲಂಪುರ ದಾರಿಯೋ, ಬಾಲಿ ದಾರಿಯೋ

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನವಿದೆ. ಲೊಂಬೊಕ್‌ಗೆ ನೇರ ವಿಮಾನವಿಲ್ಲ. ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ಬದಲಿಸಬೇಕು. ಬಾಲಿ ಟಿಕೆಟ್ ಅಗ್ಗವೆಂದು ತೆಗೆದುಕೊಳ್ಳುವ ಮೊದಲು ಆಮೇಲಿನ ಖರ್ಚು ಕೂಡಿಸಿ ನೋಡಿ. ವಿಮಾನ ನಿಲ್ದಾಣದಿಂದ ಪಾದಂಗ್‌ಬಾಯಿ ಬಂದರಿಗೆ ಕಾರು ಹೋಗಿಬರಲು ಏಳೂವರೆ ಲಕ್ಷ. ಫಾಸ್ಟ್ ಬೋಟ್ ಒಬ್ಬರಿಗೆ ಒಂದು ಬದಿಗೆ ಮೂರೂವರೆಯಿಂದ ಆರು ಲಕ್ಷ. ನಾಲ್ಕೂವರೆ ಎಂದಿಟ್ಟುಕೊಂಡರೂ ಇಬ್ಬರಿಗೆ ಹೋಗಿಬರಲು 18 ಲಕ್ಷ. ಬಾಲಿಗೆ ಕಾಲಿಡುವ ವಿದೇಶಿಯರಿಗೆ 2024ರ ಫೆಬ್ರುವರಿಯಿಂದ ಇರುವ ಪ್ರವಾಸಿ ಶುಲ್ಕ ತಲೆಗೆ ಒಂದೂವರೆ ಲಕ್ಷ. ಒಟ್ಟು 28.5 ಲಕ್ಷ ರುಪಿಯಾ, ಹತ್ತಿರ ಹತ್ತಿರ ₹15,700. ಅಂದರೆ ಇಬ್ಬರ ಕ್ವಾಲಾಲಂಪುರ ದಾರಿಯ ಟಿಕೆಟ್ ಬಾಲಿ ಟಿಕೆಟ್‌ಗಿಂತ ಹದಿನೈದು ಸಾವಿರದವರೆಗೆ ಹೆಚ್ಚಿದ್ದರೂ ನಷ್ಟವಿಲ್ಲ. ಸಮುದ್ರದ ಹೊಯ್ದಾಟ ಇಲ್ಲದಿರುವುದು ಲಾಭ.

ಪಾದಂಗ್‌ಬಾಯಿಯಿಂದ ಲೆಂಬಾರ್‌ಗೆ ಲಾರಿ, ಬಸ್ಸುಗಳನ್ನು ಹೊತ್ತೊಯ್ಯುವ ದೊಡ್ಡ ಫೆರ್ರಿಯೂ ಇದೆ. ಹಗಲೂ ರಾತ್ರಿ ಓಡುತ್ತದೆ, ಟಿಕೆಟ್ ಒಬ್ಬರಿಗೆ ಒಂದು ಲಕ್ಷಕ್ಕಿಂತ ಕಡಿಮೆ, ದಾಟಲು ನಾಲ್ಕರಿಂದ ಐದು ಗಂಟೆ. ಆದರೆ ಬಂದರಿನಲ್ಲಿ ಜಾಗ ಖಾಲಿಯಾಗುವವರೆಗೆ ಹಡಗು ಹೊರಗೇ ಕಾಯುವುದುಂಟು, ಲೆಂಬಾರ್‌ನಿಂದ ಮತ್ತೆ ಕಾರು ಬೇಕು. ಇಡೀ ದಿನ ಹೋಯಿತೆಂದೇ ಲೆಕ್ಕ. ಹದಿನೈದು ದಿನಕ್ಕಿಂತ ಹೆಚ್ಚು ಬಿಡುವಿರುವವರಿಗೆ ಮಾತ್ರ ಇದು ಸರಿ.

ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿ ಆಳವಾದದ್ದು, ಪೆಸಿಫಿಕ್‌ನಿಂದ ಹಿಂದೂ ಮಹಾಸಾಗರಕ್ಕೆ ನೀರು ನುಗ್ಗುವ ದಾರಿಗಳಲ್ಲಿ ಒಂದು. ಜುಲೈ–ಆಗಸ್ಟ್‌ನ ಗಾಳಿಯಲ್ಲೂ ಡಿಸೆಂಬರ್–ಫೆಬ್ರುವರಿಯ ಮಳೆಯಲ್ಲೂ ಫಾಸ್ಟ್ ಬೋಟ್‌ಗಳು ಎತ್ತಿ ಕುಕ್ಕುತ್ತವೆ, ಕೆಲವು ದಿನ ರದ್ದೇ ಆಗುತ್ತವೆ. ಹೋಗಲೇಬೇಕಿದ್ದರೆ ಬೆಳಗಿನ ಮೊದಲ ದೋಣಿ ಹಿಡಿಯಿರಿ, ಹಿಂಬದಿಯ ಸೀಟಿನಲ್ಲಿ ಕೂರಿ (ಮೂತಿಯ ಕಡೆ ಏಟು ಹೆಚ್ಚು), ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಿರಿ. ವಾಕರಿಕೆ ಶುರುವಾದ ಮೇಲೆ ಮಾತ್ರೆಯಿಂದ ಪ್ರಯೋಜನವಿಲ್ಲ.

ವೀಸಾ: ಲೊಂಬೊಕ್ ವಿಮಾನ ನಿಲ್ದಾಣದಲ್ಲೂ ಭಾರತೀಯರಿಗೆ ಆಗಮನ ವೀಸಾ ಸಿಗುತ್ತದೆ. ಒಬ್ಬರಿಗೆ ಐದು ಲಕ್ಷ ರುಪಿಯಾ, 30 ದಿನ, ಒಮ್ಮೆ ವಿಸ್ತರಿಸಬಹುದು. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಅವಧಿ ಮೀರಿದರೆ ದಿನಕ್ಕೆ ಹತ್ತು ಲಕ್ಷ ದಂಡ. ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಂಡರೆ ಸರದಿ ತಪ್ಪುತ್ತದೆ, ಆದರೆ ಸರ್ಕಾರಿ ಇಮಿಗ್ರೇಷನ್ ಜಾಲತಾಣದಲ್ಲೇ ಮಾಡಿ. ಅದನ್ನೇ ಹೋಲುವ ಏಜೆಂಟ್ ತಾಣಗಳು ಅದೇ ವೀಸಾಕ್ಕೆ ಎರಡು–ಮೂರು ಪಟ್ಟು ಕೀಳುತ್ತವೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಆಯಸ್ಸು ಉಳಿದಿರಬೇಕು, ವಾಪಸ್ ಟಿಕೆಟ್ ಕೈಯಲ್ಲಿರಬೇಕು.

ಕ್ವಾಲಾಲಂಪುರದಲ್ಲಿ ಬೇರೆ ಬೇರೆ ಟಿಕೆಟ್ ಕೊಂಡವರು ಲಗೇಜ್ ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾದ್ದರಿಂದ ಮಲೇಷ್ಯಾದ ಒಳಗೆ ಬಂದಂತಾಗುತ್ತದೆ. ಭಾರತೀಯರಿಗೆ 2026ರ ಡಿಸೆಂಬರ್ 31ರವರೆಗೆ ಅಲ್ಲಿ ವೀಸಾ ಬೇಡ, ಆದರೆ ಡಿಜಿಟಲ್ ಆಗಮನ ಚೀಟಿಯನ್ನು ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಿರಬೇಕು. ಸಿಂಗಪುರದಲ್ಲಿ ಈ ಸೌಕರ್ಯವಿಲ್ಲ. ಆ ದಾರಿ ಹಿಡಿಯುವುದಾದರೆ ಒಂದೇ ಟಿಕೆಟ್‌ನಲ್ಲಿ ಎರಡೂ ಹಾರಾಟ ಇರಲಿ. ಎರಡು ವಿಮಾನಗಳ ನಡುವೆ ನಾಲ್ಕು ಗಂಟೆಗಿಂತ ಕಡಿಮೆ ಬೇಡ.

ಕುಟಾ: ಇಬ್ಬರಿಗೆ ಒಂದು ಸ್ಕೂಟರ್

ಮೊದಲಿಗೆ ಒಂದು ಎಚ್ಚರಿಕೆ. ಬಾಲಿಯಲ್ಲೂ ಕುಟಾ ಎಂಬ ಊರಿದೆ. ಬುಕಿಂಗ್ ತಾಣಗಳಲ್ಲಿ ಬರೀ ‘ಕುಟಾ’ ಎಂದು ಹುಡುಕಿದರೆ ಬಾಲಿಯದೇ ಮೇಲೆ ಬರುತ್ತದೆ, ಹಣ ಕಟ್ಟಿದ ಮೇಲೆ ಗೊತ್ತಾಗುತ್ತದೆ. ‘ಕುಟಾ ಲೊಂಬೊಕ್’ ಎಂದೇ ಹುಡುಕಿ, ನಕ್ಷೆಯಲ್ಲಿ ದ್ವೀಪ ನೋಡಿ.

ಊರು ವಿಮಾನ ನಿಲ್ದಾಣದಿಂದ ಸುಮಾರು 20 ಕಿಲೋಮೀಟರ್, ಅರ್ಧ ಗಂಟೆ, ಕಾರಿಗೆ ಒಂದರಿಂದ ಒಂದೂವರೆ ಲಕ್ಷ. ಫ್ಯಾನ್ ಇರುವ ಜೋಡಿ ಕೋಣೆ ಎರಡರಿಂದ ಮೂರು ಲಕ್ಷ, ಎಸಿ ಇದ್ದರೆ ಮೂರರಿಂದ ನಾಲ್ಕೂವರೆ. ಮುಖ್ಯರಸ್ತೆಯಿಂದ ಎರಡು ಗಲ್ಲಿ ಒಳಗಿನ ಹೋಂಸ್ಟೇ ಆರಿಸಿ: ದರವೂ ಇಳಿಯುತ್ತದೆ, ಬಾರ್‌ಗಳ ಸದ್ದೂ ಇಲ್ಲ. ಮಸೀದಿಗೆ ತೀರಾ ಹತ್ತಿರದ್ದಾದರೆ ನಸುಕಿಗೆ ಮುಂಚೆಯೇ ಎಚ್ಚರವಾಗುತ್ತದೆ. ನಕ್ಷೆಯಲ್ಲಿ ಅದನ್ನೂ ನೋಡಿಕೊಳ್ಳಿ.

ಕುಟಾ ಊರೊಳಗಿನ ಕಡಲತೀರಕ್ಕಾಗಿ ಯಾರೂ ಇಷ್ಟು ದೂರ ಬರಬೇಕಿಲ್ಲ. ಬರುವುದು ಆಚೀಚೆಯ ಕೊಲ್ಲಿಗಳಿಗೆ. ಪೂರ್ವಕ್ಕೆ ತಂಜುಂಗ್ ಆನ್, ಅದರ ಮಗ್ಗುಲಲ್ಲೇ ಸೂರ್ಯಾಸ್ತಕ್ಕೆ ಜನ ಸೇರುವ ಮೆರೆಸೆ ಗುಡ್ಡ. ಪಶ್ಚಿಮಕ್ಕೆ ಲಾಳದ ಆಕಾರದ ಮಾವುನ್, ಇನ್ನೂ ಮುಂದೆ ಸೆಲೊಂಗ್ ಬೆಲಾನಾಕ್. ತಂಜುಂಗ್ ಆನ್‌ನ ಹಳೆಯ ಗೂಡಂಗಡಿಗಳನ್ನು 2025ರಲ್ಲಿ ತೆರವು ಮಾಡಿದ್ದರಿಂದ ನೆರಳು, ನೀರು ನೀವೇ ಒಯ್ಯುವುದು ಮೇಲು. ಸರ್ಫಿಂಗ್ ಕಲಿಯುವ ಆಸೆಯಿದ್ದರೆ ಸೆಲೊಂಗ್ ಬೆಲಾನಾಕ್‌ಗೆ ಸಾಟಿಯಿಲ್ಲ: ಮರಳಿನ ತಳ, ಸೊಂಟದೆತ್ತರದ ನೀರು, ಸಣ್ಣ ಉದ್ದ ಅಲೆ. ಬಿದ್ದರೂ ಹವಳಕ್ಕೆ ಕಾಲು ಸೀಳುವುದಿಲ್ಲ. ಬೋರ್ಡ್ ಬಾಡಿಗೆ 50 ಸಾವಿರದಿಂದ ಒಂದು ಲಕ್ಷ. ಹೇಳಿಕೊಡುವವರ ಜೊತೆ ಒಂದು ಪಾಠಕ್ಕೆ ಎರಡೂವರೆಯಿಂದ ನಾಲ್ಕು ಲಕ್ಷ. ಮೊದಲ ದಿನ ಪಾಠ ಒಬ್ಬರು ತೆಗೆದುಕೊಂಡು ಇನ್ನೊಬ್ಬರಿಗೆ ಹೇಳಿಕೊಡುವುದು ಉಳಿತಾಯದಂತೆ ಕಾಣುತ್ತದೆ. ಜಗಳಕ್ಕೆ ಇದಕ್ಕಿಂತ ನೇರ ದಾರಿ ಇನ್ನೊಂದಿಲ್ಲ, ಇಬ್ಬರೂ ತೆಗೆದುಕೊಳ್ಳಿ.

ಸ್ಕೂಟರ್ ದಿನಕ್ಕೆ 60ರಿಂದ 80 ಸಾವಿರ, ವಾರಕ್ಕೆ ಮಾತಾಡಿದರೆ ಇಳಿಯುತ್ತದೆ. ಇಬ್ಬರು ಕೂರುವುದಾದರೆ 110 ಸಿಸಿಯ ಬೀಟ್‌ಗಿಂತ 125 ಸಿಸಿಯ ವೇರಿಯೊ ಕೇಳಿ. ಮಾವುನ್ ಕಡೆಯ ಏರುಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮಂತೆಯೇ ಎಡಬದಿಯ ಓಡಾಟ. ತೆಗೆದುಕೊಳ್ಳುವಾಗ ಸುತ್ತಲೂ ವಿಡಿಯೊ ಮಾಡಿ, ಎರಡೂ ಬ್ರೇಕ್, ಟೈರ್, ದೀಪ ನೋಡಿ. ಅಡಮಾನವಾಗಿ ಪಾಸ್‌ಪೋರ್ಟ್ ಕೊಡಬೇಡಿ; ನಕಲು ಪ್ರತಿ ಅಥವಾ ಒಂದಷ್ಟು ನಗದು ಸಾಕು. ಹಳೆಯ ಗೀರನ್ನು ನಿಮ್ಮ ತಲೆಗೆ ಕಟ್ಟಿದಾಗ ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ನೀವು ವಾದ ಮಾಡುವ ಸ್ಥಿತಿಯಲ್ಲಿರುವುದಿಲ್ಲ.

ಹೊರಡುವ ಮೊದಲೇ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಶುಲ್ಕ ₹1,000, ಒಂದು ವರ್ಷ ನಡೆಯುತ್ತದೆ. ಅದರಲ್ಲಿ ದ್ವಿಚಕ್ರ ವಾಹನದ ಕಾಲಂಗೆ ಮುದ್ರೆ ಬಿದ್ದಿದೆಯೇ ನೋಡಿ. ಕಾರಿನ ಲೈಸೆನ್ಸ್ ಮಾತ್ರ ಇದ್ದು ಸ್ಕೂಟರ್‌ನಿಂದ ಬಿದ್ದರೆ ಪ್ರವಾಸ ವಿಮೆಯವರು ಒಂದು ಪೈಸೆ ಕೊಡುವುದಿಲ್ಲ, ಆಸ್ಪತ್ರೆಯ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರುತ್ತದೆ. ಹೆಲ್ಮೆಟ್ ಇಬ್ಬರಿಗೂ ಬೇಕು. ಕತ್ತಲಾದ ಮೇಲೆ ದಕ್ಷಿಣದ ಖಾಲಿ ರಸ್ತೆಗಳಲ್ಲಿ ಓಡಿಸಬೇಡಿ: ಬೆಳಕಿಲ್ಲ, ಗುಂಡಿಗಳಿವೆ, ದನ–ನಾಯಿ ಅಡ್ಡ ಬರುತ್ತವೆ, ದಾರಿಯಲ್ಲಿ ತಡೆದು ದೋಚಿದ ಪ್ರಕರಣಗಳೂ ಇವೆ. ಮೆರೆಸೆಯಲ್ಲಿ ಸೂರ್ಯ ಮುಳುಗಿದ ಕೂಡಲೇ ಎಲ್ಲರ ಜೊತೆಯಲ್ಲೇ ಇಳಿದುಬಿಡಿ.

ಇಲ್ಲಿ ಇಬ್ಬರ ದಿನದ ಲೆಕ್ಕ: ಕೋಣೆ 2.75 ಲಕ್ಷ, ಸ್ಕೂಟರ್ 75 ಸಾವಿರ, ಪೆಟ್ರೋಲ್ 20 ಸಾವಿರ, ವಾರುಂಗ್‌ಗಳಲ್ಲಿ (ಅಲ್ಲಿನ ಖಾನಾವಳಿ ಎನ್ನಿ) ಎರಡು ಹೊತ್ತಿನ ಊಟ, ಎಳನೀರು, ಕಾಫಿ ಸೇರಿ 1.8 ಲಕ್ಷ, ಕೊಲ್ಲಿಗಳ ಪಾರ್ಕಿಂಗ್ ಮತ್ತು ಪ್ರವೇಶ 40 ಸಾವಿರ. ಒಟ್ಟು 5.9 ಲಕ್ಷ, ₹3,250ರಷ್ಟು. ದುಡ್ಡು ಜಾರುವ ಕಡೆ ಒಂದಿದೆ, ಮುಖ್ಯರಸ್ತೆಯ ಕೆಫೆಗಳು. ಒಂದು ಸ್ಮೂದಿ ಬೌಲ್‌ನ ದುಡ್ಡಿಗೆ ವಾರುಂಗ್‌ನಲ್ಲಿ ಇಬ್ಬರೂ ಊಟ ಮಾಡಬಹುದು. ಮಂಡಾಲಿಕಾ ಸರ್ಕ್ಯೂಟ್‌ನಲ್ಲಿ ಮೋಟೊಜಿಪಿ ಬೈಕ್ ರೇಸ್ ನಡೆಯುವ ವಾರ ಮಾತ್ರ ಈ ಲೆಕ್ಕ ಪೂರ್ತಿ ಮರೆತುಬಿಡಿ; ದಿನಾಂಕ ನೋಡಿಕೊಂಡು ಅದರಿಂದ ದೂರವಿರಿ.

ಗಿಲಿಗಳು: ನೀರೊಳಗಿನ ಆಸೆಗೆ ನೀರಿನಂತೆ ದುಡ್ಡು

ವಾಯವ್ಯ ತೀರದಾಚೆ ಮೂರು ಪುಟ್ಟ ದ್ವೀಪಗಳು: ತ್ರಾವಂಗಾನ್, ಮೆನೊ, ಆಯಿರ್. ಪೆಟ್ರೋಲ್ ಗಾಡಿಗಳಿಲ್ಲ, ಸೈಕಲ್, ಕುದುರೆಗಾಡಿ, ಈಚೆಗೆ ಒಂದಷ್ಟು ವಿದ್ಯುತ್ ಸ್ಕೂಟರ್. ತ್ರಾವಂಗಾನ್ ದೊಡ್ಡದು, ರಾತ್ರಿಯ ಪಾರ್ಟಿ, ಬಂದರಿನ ಬಳಿಯ ರಾತ್ರಿ ಸಂತೆ, ಡೈವಿಂಗ್ ಶಾಲೆಗಳು. ಮೆನೊ ನಡುವಿನದು, ತೀರಾ ಮೌನ, ಅಂಗಡಿ–ಎಟಿಎಂ ಕಡಿಮೆ, ಅದರಿಂದಲೇ ಊಟ ದುಬಾರಿ. ಬಜೆಟ್ ಜೋಡಿಗೆ ಆಯಿರ್ ಸರಿ. ಒಂದೂವರೆ ಗಂಟೆಯಲ್ಲಿ ಸುತ್ತಿ ಬರಬಹುದು, ನಡುವೆ ಸ್ಥಳೀಯರ ಹಳ್ಳಿಯಿದೆ, ಅಲ್ಲಿ ವಾರುಂಗ್‌ಗಳಿವೆ, ಸ್ನಾರ್ಕೆಲ್ ತೀರದಿಂದಲೇ ಮಾಡಬಹುದು. ತ್ರಾವಂಗಾನ್‌ನಲ್ಲಿ ಕೆಲವು ಕಡೆ ಬೋರ್ಡ್ ಹಾಕಿಯೇ ಅಣಬೆ ಪಾನೀಯ ಮಾರುತ್ತಾರೆ. ಬೋರ್ಡ್ ಇದ್ದ ಮಾತ್ರಕ್ಕೆ ಕಾನೂನುಬದ್ಧವಲ್ಲ. ಇಂಡೊನೇಷ್ಯಾದ ಮಾದಕವಸ್ತು ಕಾಯ್ದೆ ಬಹಳ ಕಠಿಣ.

ದಾಟುವುದು ಬಂಗ್ಸಾಲ್ ಬಂದರಿನಿಂದ. ಸಾರ್ವಜನಿಕ ದೋಣಿಗೆ ಒಬ್ಬರಿಗೆ ಸುಮಾರು 25 ಸಾವಿರ. ಸಮಯಪಟ್ಟಿ ಇಲ್ಲ, ಜನ ತುಂಬಿದರೆ ಹೊರಡುತ್ತದೆ. ಬೆಳಿಗ್ಗೆ ಸಂತೆ ಸಾಮಾನಿನ ಜೊತೆ ಜನ ಬೇಗ ತುಂಬುತ್ತಾರೆ. ಮಧ್ಯಾಹ್ನದ ಮೇಲೆ ಆಯಿರ್ ದೋಣಿಗೆ ಕಾಯಬೇಕು, ಸಂಜೆ ಐದರ ಹೊತ್ತಿಗೆ ಎಲ್ಲ ನಿಂತಂತೆ. ಈ ಬಂದರಿನ ದಲ್ಲಾಳಿಗಳು ಹೆಸರುವಾಸಿ. ‘ಸಾರ್ವಜನಿಕ ದೋಣಿ ಮುಗಿಯಿತು’, ‘ಟಿಕೆಟ್ ಇಲ್ಲೇ ತೆಗೆದುಕೊಳ್ಳಿ’, ‘ದ್ವೀಪದಲ್ಲಿ ಸೊಳ್ಳೆ ಎಣ್ಣೆ ಸಿಗುವುದಿಲ್ಲ’ – ಮೂರೂ ಸುಳ್ಳು. ನಿಲ್ಲದೆ ನೀರಿನಂಚಿನ ಟಿಕೆಟ್ ಕಟ್ಟಡದವರೆಗೆ ನಡೆಯಿರಿ. ಪ್ರತಿ ದ್ವೀಪಕ್ಕೂ ಬೇರೆ ಬಣ್ಣದ ಟಿಕೆಟ್ ಕೊಡುತ್ತಾರೆ, ಬಣ್ಣ ಕೂಗಿದಾಗ ಎದ್ದು ಹೋಗಬೇಕು. ಮಂಡಿವರೆಗಿನ ನೀರಿನಲ್ಲಿ ನಡೆದು ಹತ್ತುವುದರಿಂದ ಚಡ್ಡಿ, ಚಪ್ಪಲಿ ಹಾಕಿರಿ, ಫೋನ್–ಪಾಸ್‌ಪೋರ್ಟ್ ಮೇಲಿನ ಜೇಬಿನಲ್ಲಿರಲಿ. ತಡವಾಗಿ ತಲುಪಿ ಇಡೀ ದೋಣಿ ಬಾಡಿಗೆಗೆ ಹಿಡಿದರೆ ನಾಲ್ಕರಿಂದ ಆರು ಲಕ್ಷ. ಅದರ ಬದಲು ಈಚೆ ದಡದಲ್ಲೇ ಒಂದು ರಾತ್ರಿ ತಂಗುವುದು ಅಗ್ಗ.

ಕೋಣೆ ಎರಡೂವರೆಯಿಂದ ನಾಲ್ಕು ಲಕ್ಷ. ಬುಕ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆ ಎಸಿಯದ್ದಲ್ಲ, ಸ್ನಾನದ ನೀರಿನದ್ದು: ಸಿಹಿನೀರೋ, ಉಪ್ಪುನೀರೋ? ಅಗ್ಗದ ಹೋಂಸ್ಟೇಗಳಲ್ಲಿ ಬಾವಿಯ ಉಪ್ಪುಪ್ಪು ನೀರೇ ಬರುತ್ತದೆ, ಸೋಪು ನೊರೆ ಬಿಡುವುದಿಲ್ಲ, ಕೂದಲು ಮೂರು ದಿನಕ್ಕೆ ನಾರು. ಕುದುರೆಗಾಡಿ ಒಂದು ಸವಾರಿಗೆ ಲಕ್ಷ ದಾಟುತ್ತದೆ. ಬ್ಯಾಕ್‌ಪ್ಯಾಕ್ ಹೊತ್ತವರು ನಡೆದೇ ಹೋಗಬಹುದು.

ನೋಡುವುದು ಆಮೆಗಳನ್ನು. ಹಂಚಿಕೊಳ್ಳುವ ದೋಣಿಯಲ್ಲಿ ಮೂರು ದ್ವೀಪಗಳ ಸುತ್ತ ಸ್ನಾರ್ಕೆಲ್‌ಗೆ ತಲೆಗೆ ಒಂದರಿಂದ ಒಂದೂವರೆ ಲಕ್ಷ. ಮೆನೊ ಬಳಿ 2017ರಲ್ಲಿ ನೀರಿನಡಿ ಇಟ್ಟ 48 ಮನುಷ್ಯಾಕೃತಿಗಳ ವೃತ್ತವೂ ಆ ದಾರಿಯಲ್ಲೇ ಸಿಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅಲ್ಲಿ ಮೂವತ್ತು ದೋಣಿಗಳ ಜನ ಒಬ್ಬರ ಮೇಲೊಬ್ಬರು ಕಾಲು ಬಡಿಯುತ್ತಿರುತ್ತಾರೆ. ಬೇಗ ಹೊರಡುವ ದೋಣಿ ಕೇಳಿ. ಸ್ನಾರ್ಕೆಲ್ ಮಾಸ್ಕ್ ಕೊಂಡುಹೋಗಿ: ಬಾಡಿಗೆಯವು ಸೋರುತ್ತವೆ, ಎರಡು ದಿನದ ಬಾಡಿಗೆಗೆ ಬೆಂಗಳೂರಿನಲ್ಲಿ ಒಂದು ಸಾಧಾರಣ ಮಾಸ್ಕಿನ ಅರ್ಧ ದುಡ್ಡು ಬಂದುಬಿಡುತ್ತದೆ. ದ್ವೀಪದಿಂದ ದ್ವೀಪಕ್ಕೆ ಈಜುವ ಸಾಹಸ ಬೇಡ. ಹತ್ತಿರ ಕಾಣುತ್ತದೆ, ನಡುವಿನ ಸೆಳೆತ ಬಲವಾದದ್ದು. ಇಳಿತದ ಹೊತ್ತಿನಲ್ಲಿ ಮುರಿದ ಹವಳದ ಮೇಲೆ ನಡೆಯಬೇಕಾಗುವುದರಿಂದ ರಬ್ಬರ್ ಷೂ ಇದ್ದರೆ ಒಳ್ಳೆಯದು.

ನಾಲ್ಕು ರಾತ್ರಿಯ ಲೆಕ್ಕ: ಕೋಣೆ 13 ಲಕ್ಷ, ಊಟ 8.8, ಸ್ನಾರ್ಕೆಲ್ ದೋಣಿ 3, ಮಾಸ್ಕ್ ಮತ್ತು ಸೈಕಲ್ 2, ದಾಟುವ ದೋಣಿ 1, ವಿಮಾನ ನಿಲ್ದಾಣದಿಂದ ಬಂಗ್ಸಾಲ್ ಮತ್ತು ಬಂಗ್ಸಾಲ್‌ನಿಂದ ಕುಟಾ ಕಾರು 7.75. ಒಟ್ಟು 35.5 ಲಕ್ಷ, ದಿನಕ್ಕೆ 8.9, ಅಂದರೆ ₹4,900. ಕುಟಾದ ಒಂದೂವರೆ ಪಟ್ಟು. ಇದರಲ್ಲಿ ಕಾರಿನ ಭಾಗ ಎರಡು ರಾತ್ರಿ ಉಳಿದರೂ ಅಷ್ಟೇ, ನಾಲ್ಕು ಉಳಿದರೂ ಅಷ್ಟೇ. ಗಿಲಿಗೆ ಎರಡೇ ರಾತ್ರಿಗೆ ಹೋಗುವುದು ಅತ್ಯಂತ ದುಬಾರಿಯಾಗುವುದು ಇದಕ್ಕೇ. ಮೂರಕ್ಕಿಂತ ಕಡಿಮೆಯಾದರೆ ಹೋಗಲೇಬೇಡಿ.

ಸ್ನಾರ್ಕೆಲ್ ಮಾತ್ರ ಸಾಕು ಎನ್ನುವವರಿಗೆ ಒಳದಾರಿ ಇದೆ. ನೈಋತ್ಯದ ಸೆಕೊತೊಂಗ್ ಕಡೆ, ತಾವುನ್ ದೋಣಿತಾಣದಿಂದ ಗಿಲಿ ನಂಗ್ಗು, ಸುದಾಕ್, ಕೆಡಿಸ್ ಎಂಬ ಪುಟಾಣಿ ದ್ವೀಪಗಳಿಗೆ ದಿನದ ದೋಣಿ ಸಿಗುತ್ತದೆ. ಬಾಡಿಗೆ ತಲೆಗಲ್ಲ, ದೋಣಿಗೆ. ಮೂರರಿಂದ ನಾಲ್ಕು ಲಕ್ಷ. ಇನ್ನೊಂದು ಜೋಡಿ ಜೊತೆಯಾದರೆ ಅರ್ಧ. ಕುಟಾದಿಂದ ಸ್ಕೂಟರ್‌ನಲ್ಲಿ ಬೆಳಿಗ್ಗೆ ಹೋಗಿ ಬೆಳಕಿರುವಾಗಲೇ ಬರಬಹುದು. ಆಮೆ ಸಿಗುವ ಖಾತ್ರಿಯಿಲ್ಲ, ಜನಜಂಗುಳಿಯೂ ಇಲ್ಲ.

ರಿಂಜಾನಿ: ಹತ್ತುವುದೋ, ಕೆಳಗೆ ನಿಂತು ನೋಡುವುದೋ

3,726 ಮೀಟರ್ ಎತ್ತರದ ಜ್ವಾಲಾಮುಖಿ, ಒಳಗೆ ಸೆಗಾರಾ ಅನಾಕ್ ಸರೋವರ. ಮಳೆಗಾಲದಲ್ಲಿ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಚಾರಣ ಮುಚ್ಚಿರುತ್ತದೆ. ಎರಡು ದಾರಿ. ಸೆಂಬಾಲುನ್ ಕಡೆಯಿಂದ ಸುಮಾರು 1,150 ಮೀಟರ್‌ನಲ್ಲಿ ಶುರು, ನೆರಳಿಲ್ಲದ ಹುಲ್ಲುಗಾವಲು, ಮೊದಲ ದಿನ 2,639 ಮೀಟರ್‌ನ ಕುಳಿಯ ಅಂಚಿನಲ್ಲಿ ಡೇರೆ, ಮಧ್ಯರಾತ್ರಿ ಎರಡಕ್ಕೆ ಎದ್ದು ಶಿಖರ. ಕೊನೆಯ ಏರು ಸಡಿಲ ಬೂದಿ–ಜಲ್ಲಿ, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಅಲ್ಲಿ ನಸುಕಿನ ಚಳಿ ಐದು ಡಿಗ್ರಿಗೂ ಕೆಳಗೆ. ಸೆನಾರು ಕಡೆಯಿಂದ 600 ಮೀಟರ್‌ನಿಂದ 2,641ರ ಅಂಚಿಗೆ ಕಾಡಿನ ನೆರಳಲ್ಲಿ ಹತ್ತುವುದು. ಶಿಖರವಿಲ್ಲ, ಸರೋವರದ ನೋಟ ಪೂರ್ತಿ. ಇಬ್ಬರಲ್ಲಿ ಒಬ್ಬರು ಚಾರಣಕ್ಕೆ ಹೊಸಬರಾದರೆ ಸೆನಾರು ಆರಿಸಿ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದು ಮರುದಿನ ಸಲೀಸಾಗಿ ನಡೆಯಬಲ್ಲವರು ಸೆಂಬಾಲುನ್ ಯೋಚಿಸಬಹುದು.

ಎರಡು ಹಗಲು ಒಂದು ರಾತ್ರಿಗೆ, ಗೈಡ್, ಹೊರೆಯಾಳು, ಡೇರೆ, ಊಟ ಸೇರಿ ತಲೆಗೆ 20ರಿಂದ 35 ಲಕ್ಷ. ತಲೆಗೆ 25 ಲಕ್ಷದ ಲೆಕ್ಕದಲ್ಲಿ ಇಬ್ಬರಿಗೆ 50 ಲಕ್ಷ, ₹27,500: ಕುಟಾದ ಎಂಟು ದಿನಕ್ಕಿಂತ ಹೆಚ್ಚು. ಇದರಲ್ಲಿ ಚೌಕಾಸಿ ಮಾಡುವುದು ಜಾಣತನವಲ್ಲ. ದರ ಇಳಿದಾಗ ಕಡಿತವಾಗುವುದು ಹೊರೆಯಾಳುಗಳ ಸಂಖ್ಯೆಯಲ್ಲಿ, ಮಲಗುವ ಚೀಲದ ದಪ್ಪದಲ್ಲಿ, ನೀರಿನಲ್ಲಿ. ಒಬ್ಬ ಗೈಡ್‌ಗೆ ಎಷ್ಟು ಜನ, ದಿನಕ್ಕೆ ಎಷ್ಟು ಲೀಟರ್ ನೀರು, ಚಾಪೆ ಎಷ್ಟು ದಪ್ಪ, ವಾಪಸ್ ಗಾಡಿ ಎಲ್ಲಿವರೆಗೆ ಎಂದು ಬರೆದು ಕೇಳಿ. ಆರೋಗ್ಯ ತಪಾಸಣೆಯ ಪತ್ರವನ್ನೂ ಕೇಳುತ್ತಾರೆ.

ಬಜೆಟ್ ಬಿಗಿಯಾಗಿದ್ದರೆ ಹತ್ತದೆಯೂ ಈ ಕಡೆ ಬರಬಹುದು. ಸೆಂಬಾಲುನ್ ಕಣಿವೆಯಲ್ಲಿ ಬೆಳ್ಳುಳ್ಳಿ, ಸ್ಟ್ರಾಬೆರಿ ಹೊಲಗಳ ಮೇಲೆ ಸುಮಾರು 1,700 ಮೀಟರ್‌ನ ಪೆರ್ಗಾಸಿಂಗಾನ್ ಗುಡ್ಡವಿದೆ. ಅರ್ಧ ದಿನದಲ್ಲಿ ಹತ್ತಿಳಿಯಬಹುದು, ರಿಂಜಾನಿ ಎದುರಿಗೇ ನಿಂತಿರುತ್ತದೆ. ಸೆನಾರುವಿನಲ್ಲಿ ಸೆಂಡಾಂಗ್ ಗಿಲೆ, ತಿಯು ಕೆಲೆಪ್ ಜಲಪಾತಗಳು. ಎರಡನೆಯದಕ್ಕೆ ಹೊಳೆ ದಾಟಬೇಕು. ಮಳೆಗಾಲದಲ್ಲಿ ನೀರು ಕಂದಾಗಿ ಏರುತ್ತಿದ್ದರೆ ಹಿಂತಿರುಗಿ.

ಸೆಂಗಿಗಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ರೆಸಾರ್ಟ್ ಊರು, ಸೂರ್ಯಾಸ್ತ ಚೆನ್ನ. ವಿಮಾನ ಸಂಜೆ ಇಳಿದು ಗಿಲಿ ದೋಣಿ ತಪ್ಪಿದರೆ ಒಂದು ರಾತ್ರಿಗೆ ಸರಿ. ವಿಮಾನ ನಿಲ್ದಾಣದಿಂದ ಡಮ್ರಿ ಎಂಬ ಸರ್ಕಾರಿ ಬಸ್ ಸಿಗುವ ಕೆಲವೇ ಊರುಗಳಲ್ಲಿ ಇದೂ ಒಂದು. ಪಕ್ಕದ ಮತಾರಂ ನಗರದಲ್ಲಿ ಚಕ್ರನೆಗರದ ಮೇರು ದೇಗುಲವಿದೆ. ಬ್ರಹ್ಮ, ವಿಷ್ಣು, ಶಿವರ ಮೂರು ಗೋಪುರಗಳು, 1720ರ ಬಾಲಿ ಅರಸರ ಕಾಲದ್ದು. ಅರ್ಧ ದಿನಕ್ಕೆ ಸಾರ್ಥಕ. ಮತಾರಂನಲ್ಲಿ ‘ಸ್ಯಾರಿಯಾ’ (ಅಂದರೆ ಷರಿಯಾ) ಎಂದು ಬರೆದ ಹೋಟೆಲ್‌ಗಳು ಮದುವೆಯ ದಾಖಲೆ ಕೇಳುತ್ತವೆ. ಕುಟಾ, ಗಿಲಿ ಹೋಂಸ್ಟೇಗಳಲ್ಲಿ ಯಾರೂ ಕೇಳುವುದಿಲ್ಲ.

ಸಸ್ಯಾಹಾರಿಗಳಿಗೆ ಎಲ್ಲಿ ಸುಲಭ?

ತೆಂಪೆ (ಹುದುಗಿಸಿದ ಸೋಯಾ), ತಾಹು (ಟೋಫು), ಅನ್ನ, ಸೊಪ್ಪು ಎಲ್ಲೆಡೆ ಇವೆ, ಹಾಗಾಗಿ ಕಷ್ಟವಿಲ್ಲ ಎನಿಸುತ್ತದೆ. ತೊಡಕು ತೆರಾಸಿಯಲ್ಲಿದೆ. ಒಣಸಿಗಡಿ ಅರೆದು ಹುದುಗಿಸಿದ ಈ ಮುದ್ದೆ ಸಾಂಬಾಲ್ ಎಂಬ ಅಲ್ಲಿನ ಖಾರದ ಚಟ್ನಿಗೆ ಬೀಳುತ್ತದೆ. ಲೊಂಬೊಕ್‌ನ ಪ್ರಸಿದ್ಧ ಪ್ಲೆಚಿಂಗ್ ಕಾಂಗ್ಕುಂಗ್ ನೋಡಲು ಬರೀ ಸೊಪ್ಪು, ಮೇಲಿನ ಟೊಮೆಟೊ ಖಾರದಲ್ಲಿ ತೆರಾಸಿ ಇದ್ದೇ ಇರುತ್ತದೆ. ಗಾಡೊ-ಗಾಡೊ ಎಂಬ ತರಕಾರಿ ತಿನಿಸಿನ ಕಡಲೆಕಾಯಿ ಗೊಜ್ಜಿನಲ್ಲೂ ಇರಬಹುದು. ಜೊತೆಗೆ ಕೊಡುವ ಹಪ್ಪಳ ಹೆಚ್ಚಾಗಿ ಸಿಗಡಿಯದ್ದು. ಮಾಂಸ ಇಲ್ಲ ಎಂದರೆ ಅವರಿಗೆ ದನದ ಮಾಂಸ ಇಲ್ಲ ಎಂದಷ್ಟೇ ಅರ್ಥವಾಗುತ್ತದೆ, ಕೋಳಿ–ಮೀನು ಬರುತ್ತದೆ. ಒಂದೊಂದಾಗಿ ಹೇಳಿ: ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಆಯಾಮ್, ಇಕಾನ್, ಉದಾಂಗ್.’ (ನಾನು ಮಾಂಸ, ಕೋಳಿ, ಮೀನು, ಸಿಗಡಿ ತಿನ್ನುವುದಿಲ್ಲ.) ಆಮೇಲೆ ‘ತನ್ಪಾ ತೆರಾಸಿ’ (ತೆರಾಸಿ ಇಲ್ಲದೆ), ಸಾರಿಗೆ ‘ತನ್ಪಾ ಕಾಲ್ದು’ (ಎಲುಬಿನ ರಸ ಬೇಡ), ಮೊಟ್ಟೆ ಬೇಡವಾದರೆ ‘ತನ್ಪಾ ತೆಲೂರ್’.

ಕುಟಾ ಮತ್ತು ಗಿಲಿ ಆಯಿರ್‌ನಲ್ಲಿ ಸಸ್ಯಾಹಾರಿ ತಿನಿಸು ಬರೆದಿಟ್ಟ ವಾರುಂಗ್‌ಗಳಿವೆ. ಸೆನಾರು, ಸೆಂಬಾಲುನ್‌ನಲ್ಲಿ ಆಯ್ಕೆ ಕರಿದ ತೆಂಪೆ–ಅನ್ನಕ್ಕೆ ಇಳಿಯುತ್ತದೆ. ಚಟ್ನಿಪುಡಿ, ಗೊಜ್ಜವಲಕ್ಕಿ ಪೊಟ್ಟಣ ಅಲ್ಲಿ ಕೆಲಸಕ್ಕೆ ಬರುತ್ತವೆ. ಚಾರಣದ ಅಡುಗೆಗೆ ನಿಮ್ಮ ಪಥ್ಯವನ್ನು ಹಿಂದಿನ ದಿನವೇ ಹೇಳಬೇಕು, ಬೆಟ್ಟದ ಮೇಲೆ ಬೇರೆ ಸಾಮಾನು ಸಿಗುವುದಿಲ್ಲ. ಲೊಂಬೊಕ್‌ನ ಸಾಸಾಕ್ ಜನ ಬಹುಪಾಲು ಮುಸ್ಲಿಮರು. ರಂಜಾನ್ ತಿಂಗಳಲ್ಲಿ ಹಗಲು ಹಳ್ಳಿಗಳ ವಾರುಂಗ್‌ಗಳು ಮುಚ್ಚಿರುತ್ತವೆ, ಗಿಲಿ ಮತ್ತು ಕುಟಾ ಮುಖ್ಯರಸ್ತೆಯಲ್ಲಿ ತೊಂದರೆಯಿಲ್ಲ. ತೀರ ಬಿಟ್ಟು ಊರೊಳಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಲಿ.

ನಗದು

ಭಾರತದ ರೂಪಾಯಿ ನೋಟು ಇಲ್ಲಿ ನಡೆಯುವುದಿಲ್ಲ. ಡಾಲರ್ ಒಯ್ಯುವುದಾದರೆ ಹೊಸ, ಮಡಿಕೆಯಿಲ್ಲದ 100ರ ನೋಟು. ಗೆರೆ, ಶಾಯಿ ಇದ್ದರೆ ತೆಗೆದುಕೊಳ್ಳುವುದಿಲ್ಲ, ಇಲ್ಲವೇ ದರ ಇಳಿಸುತ್ತಾರೆ. ಎಟಿಎಂ ಬ್ಯಾಂಕಿನ ಒಳಗಿನದ್ದೇ ಬಳಸಿ. ಯಂತ್ರದ ಮೇಲೆ 50,000 ಅಥವಾ 1,00,000 ಎಂಬ ಚೀಟಿ ಅಂಟಿಸಿರುತ್ತಾರೆ. ದೊಡ್ಡ ನೋಟಿನ ಯಂತ್ರದಲ್ಲಿ ಒಮ್ಮೆಗೆ ಹೆಚ್ಚು ಹಣ ಬರುತ್ತದೆ, ನಿಮ್ಮ ಬ್ಯಾಂಕಿನ ಪ್ರತಿ ಬಾರಿಯ ಶುಲ್ಕ ಉಳಿಯುತ್ತದೆ. ಪರದೆ ರೂಪಾಯಿಯಲ್ಲಿ ಪರಿವರ್ತಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಅನೇಕ ಯಂತ್ರಗಳಲ್ಲಿ ಮೊದಲು ಹಣ ಬರುತ್ತದೆ, ಕಾರ್ಡ್ ಆಮೇಲೆ. ಹಣ ಎಣಿಸುತ್ತ ಹೊರಟುಬಿಟ್ಟರೆ ಕಾರ್ಡ್ ಒಳಗೆ ಹೋಗುತ್ತದೆ. ಇಬ್ಬರೂ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇಟ್ಟುಕೊಳ್ಳಿ, ಒಂದೇ ಚೀಲದಲ್ಲಿ ಇಡಬೇಡಿ. ಗಿಲಿಗೆ ದಾಟುವ ಮೊದಲೇ ನಾಲ್ಕು ದಿನದ ನಗದು ಕೈಯಲ್ಲಿರಲಿ.

ದಿನಗಳನ್ನು ಹಂಚುವುದು

ಹೋಗುವ ಕಾಲ ಏಪ್ರಿಲ್ ಕೊನೆಯಿಂದ ಜೂನ್ ಅಥವಾ ಸೆಪ್ಟೆಂಬರ್. ಜುಲೈ–ಆಗಸ್ಟ್‌ನಲ್ಲಿ ಕೋಣೆಯ ದರ ಏರುತ್ತದೆ. ಆಗಸ್ಟ್ ನಂತರ ದಕ್ಷಿಣದ ಗುಡ್ಡಗಳು ಒಣಗಿ ಕಂದಾಗುತ್ತವೆ, ಜೂನ್‌ವರೆಗೆ ಹಸಿರು. ಬಾಲಿ ಮೂಲಕ ಹೋಗುವವರು ಮಾರ್ಚ್ ಸುಮಾರಿನ ನ್ಯೇಪಿ ಹಬ್ಬದ ದಿನಾಂಕ ನೋಡಿಕೊಳ್ಳಿ, ಆ ದಿನ ಬಾಲಿಯ ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ.

ಆರು ರಾತ್ರಿಯೊಳಗಿನ ಪ್ರವಾಸಕ್ಕೆ ಕುಟಾ ಒಂದೇ ಸಾಕು, ನೀರಿಗಿಳಿಯುವ ಆಸೆಗೆ ತಾವುನ್ ಇದೆ. ಒಂಬತ್ತು ರಾತ್ರಿ ಇದ್ದರೆ ಗಿಲಿ ಆಯಿರ್ ನಾಲ್ಕು, ಕುಟಾ ಐದು. ಮೇಲಿನ ಲೆಕ್ಕದಂತೆ ಕೊನೆಯ ಕಾರೂ ಸೇರಿ 66.5 ಲಕ್ಷ, ಸುಮಾರು ₹36,600, ವೀಸಾದ ₹5,500 ಬೇರೆ. ರಿಂಜಾನಿ ಹತ್ತಲೇಬೇಕೆಂದರೆ ಗಿಲಿಯನ್ನು ಬಿಡಿ, ಎರಡೂ ಸೇರಿಸಬೇಡಿ: ಸೆನಾರು ಮೂರು ರಾತ್ರಿ (ಹಿಂದಿನ ದಿನ, ಬೆಟ್ಟದ ಮೇಲೆ, ಇಳಿದ ದಿನ), ಆಮೇಲೆ ಕುಟಾ ಆರು. ಚಾರಣ ಮುಗಿಸಿ ಅದೇ ಸಂಜೆ ಕಾರು ಹತ್ತುವ ಯೋಜನೆ ಹಾಕಿದವರು ಮಂಡಿ ಮಡಿಸಲಾಗದೆ ಪರದಾಡುತ್ತಾರೆ.

ಗಿಲಿಯೇ ಇರಲಿ, ಬೆಟ್ಟವೇ ಇರಲಿ, ಅದನ್ನು ಮೊದಲಿಗಿಟ್ಟು ಕುಟಾವನ್ನು ಕೊನೆಗಿಡಿ. ಗಾಳಿಗೆ ದೋಣಿ ನಿಂತರೆ ಕುಟಾದ ಒಂದು ದಿನ ಕಡಿಮೆಯಾದೀತು ಅಷ್ಟೇ. ಇದನ್ನೇ ತಿರುವುಮುರುವು ಮಾಡಿದರೆ ಕೈತಪ್ಪುವುದು ವಾಪಸ್ ವಿಮಾನ. ಮಧ್ಯಾಹ್ನದ ವಿಮಾನವಿದ್ದರೆ ಹಿಂದಿನ ಸಂಜೆಯೇ ಸ್ಕೂಟರ್ ಒಪ್ಪಿಸಿ ಅಡಮಾನದ ಹಣ ವಾಪಸ್ ಪಡೆಯಿರಿ, ಬೆಳಗಿನ ಕಾರನ್ನು ಹೋಂಸ್ಟೇಯವರ ಹತ್ತಿರವೇ ಗೊತ್ತುಮಾಡಿ. ಶುಕ್ರವಾರವಾದರೆ ಹನ್ನೊಂದಕ್ಕೆ ಮುಂಚೆ ಹೊರಡಿ. ನಮಾಜಿನ ಹೊತ್ತಿಗೆ ಚಾಲಕರು ಸಿಗುವುದು ಕಷ್ಟ.